ಅಕ್ಕಿಯ ಗಿರಣಿಗೆ ಸ್ವಯಂಚಾಲಿತ ಯಂತ್ರಗಳು: ಸ್ಥಳ ಪರಿಶೀಲನೆಗೆ ಮುಂಚೆ ಮಾಡತಕ್ಕ ಸಿದ್ಧತೆ

ಭತ್ತವೇ ಮುಖ್ಯ ಬೆಳೆಯಾಗಿರುವ ನಮ್ಮ ಸೀಮೆಗಳಲ್ಲಿ, ಅರ್ಥಾತ್ ಕಾವೇರಿ, ಭದ್ರಾ ಮತ್ತು ತುಂಗಭದ್ರಾ ಅಚ್ಚುಕಟ್ಟುಗಳಲ್ಲಿ, ಅಕ್ಕಿಯ ಗಿರಣಿಗಳು ಬಹುಕಾಲದಿಂದ ನಡೆದುಬಂದಿವೆ. ಇವುಗಳಲ್ಲಿ ಕೆಲವು ಜಮೀನುದಾರರ ಸ್ವಂತ ಸ್ವತ್ತು. ಕೆಲವು ಸಹಕಾರ ಸಂಘಗಳಿಗೆ ಸೇರಿದವು. ಈಚೆಗೆ ರೈತ ಉತ್ಪಾದಕ ಸಂಸ್ಥೆಗಳೂ ಈ ಉದ್ಯಮಕ್ಕೆ ಕೈಹಾಕಿವೆ. ಸುಗ್ಗಿಯ ಕಾಲದಲ್ಲಿ ಆಳುಗಳು ದೊರೆಯುವುದು ಕಷ್ಟವಾಗಿರುವುದರಿಂದಲೂ, ಕಲ್ಲು ಕಸವಿಲ್ಲದ ಒಂದೇ ಬಣ್ಣದ ಅಕ್ಕಿಯನ್ನು ಪೇಟೆಯವರು ಕೇಳುತ್ತಿರುವುದರಿಂದಲೂ, ಭತ್ತವನ್ನು ಶುದ್ಧಮಾಡುವುದು ಮೊದಲ್ಗೊಂಡು ಅಕ್ಕಿಯನ್ನು ತೂಗಿ ಚೀಲಕ್ಕೆ ತುಂಬುವವರೆಗಿನ ಯಾವತ್ತೂ ಕೆಲಸಗಳನ್ನು ಸ್ವಯಂಚಾಲಿತ ಯಂತ್ರಗಳಿಂದ ನಡೆಯಿಸಬೇಕೆಂಬ ಅಪೇಕ್ಷೆಯು ಗಿರಣಿಯ ಮಾಲೀಕರಲ್ಲಿ ಹೆಚ್ಚುತ್ತಿದೆ. ಈ ಅಪೇಕ್ಷೆಯು ಯುಕ್ತವಾದುದೇ. ಆದರೆ ಇದರಲ್ಲಿ ತೊಡಗಿಸತಕ್ಕ ಹಣವು ಅಲ್ಪವಲ್ಲ. ಅನೇಕ ವೇಳೆ ಅದು ಜಮೀನಿನ ಆಧಾರದ ಮೇಲೆ ತಂದ ಸಾಲದ ಹಣವಾಗಿರುತ್ತದೆ.

ಇಂತಹ ಕಾರ್ಯವು ಇಂಜಿನಿಯರು ಗಿರಣಿಗೆ ಬಂದು ಸ್ಥಳ ಪರಿಶೀಲನೆ ಮಾಡುವುದರಿಂದ ಮೊದಲಾಗುತ್ತದೆ. ಅವರು ಬರುವುದು ಸಾಮಾನ್ಯವಾಗಿ ಒಂದೆರಡು ದಿವಸಗಳ ಮಟ್ಟಿಗೆ. ಆ ದಿವಸಗಳಲ್ಲಿ ಗಿರಣಿಯು ಹೇಗೆ ನಡೆಯುತ್ತದೆಯೋ ಅಷ್ಟನ್ನು ಮಾತ್ರ ಅವರು ಕಣ್ಣಾರೆ ಕಾಣಬಲ್ಲರು. ಮಳೆಗಾಲದಲ್ಲಿ ಎಲಿವೇಟರಿನ ಗುಂಡಿಗೆ ನೀರು ಒಸರುವುದನ್ನಾಗಲಿ, ಸುಗ್ಗಿಯಲ್ಲಿ ಹಸಿ ಭತ್ತವು ರಾಶಿಬೀಳುವುದನ್ನಾಗಲಿ ಅವರು ಕಾಣಲಾರರು. ವರ್ಷದ ೧೨ ತಿಂಗಳ ಗಿರಣಿಯನ್ನು ಬಲ್ಲವರು ಅದರ ಒಡೆಯರೂ ಕೆಲಸಗಾರರೂ ಮಾತ್ರವೇ. ಅವರು ತಮ್ಮೊಳಗೆ ಮೊದಲೇ ವಿಚಾರಮಾಡಿ, ಲೆಕ್ಕವನ್ನು ಸಿದ್ಧಪಡಿಸಿಟ್ಟರೆ ಇಂಜಿನಿಯರ ನಕ್ಷೆಯು ಆ ಗಿರಣಿಗೆ ತಕ್ಕ ನಕ್ಷೆಯಾಗುವುದು; ಇಲ್ಲವಾದರೆ ಅದು ಯಾವ ಊರಿನ ಗಿರಣಿಗಾದರೂ ಸಲ್ಲತಕ್ಕ ನಕ್ಷೆಯಾಗುವುದು. ಆದುದರಿಂದ ಪರಿಶೀಲನೆಗೆ ಮುಂಚೆ ಮಾಡತಕ್ಕ ಸಿದ್ಧತೆಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

೧. ಮೊದಲು ರೋಗವನ್ನು ತಿಳಿಯುವುದು

“ನಮಗೆ ಯಾವ ಯಂತ್ರ ಬೇಕು?” ಎಂಬುದು ಮೊದಲನೆಯ ಪ್ರಶ್ನೆಯಲ್ಲ. “ನಮ್ಮ ಗಿರಣಿಯಲ್ಲಿ ನಷ್ಟವು ಎಲ್ಲಿ ಆಗುತ್ತಿದೆ?” ಎಂಬುದೇ ಮೊದಲನೆಯ ಪ್ರಶ್ನೆ. ನೆರೆಯೂರಿನ ಗಿರಣಿಯವರು ಸಾರ್ಟೆಕ್ಸ್ ಯಂತ್ರವನ್ನು ತಂದರೆಂದು ನಾವೂ ತರುವುದು ನೆರೆಮನೆಯವನ ಔಷಧವನ್ನು ಕುಡಿದಂತಾಗುತ್ತದೆ. ಬಣ್ಣಗೆಟ್ಟ ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಗಾಳಿಯ ಹೊಡೆತದಿಂದ ಬೇರ್ಪಡಿಸುವುದು ಆ ಯಂತ್ರದ ಕೆಲಸ. ಒಡೆದ ಅಕ್ಕಿಯನ್ನು ಕೂಡಿಸುವ ಶಕ್ತಿ ಅದಕ್ಕಿಲ್ಲ. ನುಚ್ಚಿನಿಂದ ನಷ್ಟಪಡುತ್ತಿರುವ ಗಿರಣಿಗೆ ಅದನ್ನು ತಂದು ನಿಲ್ಲಿಸಿದರೆ ಅಕ್ಕಿ ಬೆಳ್ಳಗೆ ಕಂಡೀತೇ ಹೊರತು ನುಚ್ಚು ಒಂದು ಸೇರೂ ಕಡಮೆಯಾಗದು.

ನಷ್ಟವನ್ನು ತಿಳಿಯಲು ತೂಕವೇ ಸಾಧನ. ಭತ್ತದ ತೂಕದಲ್ಲಿ ನೂರಕ್ಕೆ ಸುಮಾರು ೨೦ ಪಾಲು ಹೊಟ್ಟು. ತೌಡು ಸುಮಾರು ೮ ಪಾಲು. ಸರ್ಕಾರದ ಪರವಾಗಿ ಭತ್ತವನ್ನು ಅಕ್ಕಿ ಮಾಡಿಕೊಡುವ ಗಿರಣಿಗಳು ೧೦೦ ಕ್ವಿಂಟಾಲು ಭತ್ತಕ್ಕೆ ಬೇಯಿಸದ ಭತ್ತದ ಅಕ್ಕಿಯಾದರೆ ೬೭, ಕುಸುಬಲಕ್ಕಿಯಾದರೆ ೬೮ ಕ್ವಿಂಟಾಲು ಒಪ್ಪಿಸಬೇಕೆಂಬ ಪ್ರಮಾಣವು ರೂಢಿಯಲ್ಲಿದೆ. ಈ ಪ್ರಮಾಣವನ್ನು ಕಣ್ಣಮುಂದಿಟ್ಟುಕೊಂಡು, ಒಂದೇ ತಳಿಯ ಭತ್ತವನ್ನು ಪ್ರತ್ಯೇಕವಾಗಿ ಹಾಯಿಸಿ, ಶುದ್ಧಿಯಾದ ಮೇಲೆ, ಹೊಟ್ಟು ಬೇರ್ಪಟ್ಟ ಮೇಲೆ, ಪ್ರತಿಯೊಂದು ಪಾಲಿಷಿನ ಅನಂತರ, ಹೀಗೆ ಹಂತಹಂತವಾಗಿ ತೂಗಿ ಬರೆದಿಡಬೇಕು. ಒಂದು ದಿನದ ತೂಕವನ್ನು ನಂಬಲಾಗದು. ಬೇರೆ ಬೇರೆ ದಿವಸಗಳಲ್ಲಿ ಮೂರು ನಾಲ್ಕು ಸಲ ಮಾಡಿದ ಮೇಲೆ ನಿರ್ಣಯಕ್ಕೆ ಬರುವುದು ಯುಕ್ತ.

೨. ಧಾನ್ಯವು ಎಲ್ಲಿ ಒಡೆಯುತ್ತದೆ?

ನುಚ್ಚಿಗೆ ಯಂತ್ರವನ್ನೇ ದೂರುವುದು ವಾಡಿಕೆ. ಆದರೆ ಎಷ್ಟೋ ವೇಳೆ ಕಾಳು ಯಂತ್ರವನ್ನು ಸೇರುವುದಕ್ಕೆ ಮುಂಚೆಯೇ ಒಳಗೆ ಬಿರುಕುಬಿಟ್ಟಿರುತ್ತದೆ. ಬಿರುಬಿಸಿಲಿನಲ್ಲಿ ಬೇಗಬೇಗನೆ ಒಣಗಿದ ಭತ್ತವು ರಾತ್ರಿಯ ಮಂಜಿಗೆ ಮತ್ತೆ ತೇವವಾದಾಗ ಕಾಳಿಗೆ ಅಡ್ಡಲಾಗಿ ಸೀಳು ಹುಟ್ಟುತ್ತದೆ. ಇಂತಹ ಕಾಳನ್ನು ಎಷ್ಟೇ ಬೆಲೆಯ ಯಂತ್ರಕ್ಕೆ ಹಾಕಿದರೂ ಅದು ಒಡೆಯದೆ ಇರದು.

ಇದನ್ನು ಪರೀಕ್ಷಿಸುವ ಸುಲಭೋಪಾಯವೊಂದುಂಟು. ಹಲವು ಚೀಲಗಳಿಂದ ಅಲ್ಲಲ್ಲಿ ತೆಗೆದ ೧೦೦ ಕಾಳು ಭತ್ತವನ್ನು ಕೈಯಿಂದಲೇ ಸುಲಿದು, ದೀಪದ ಬೆಳಕಿಗೆ ಹಿಡಿದು ನೋಡಬೇಕು. ಸೀಳಿದ ಕಾಳುಗಳನ್ನು ಎಣಿಸಬೇಕು. ಆಮೇಲೆ ಹೊಟ್ಟು ತೆಗೆಯುವ ರಬ್ಬರ್ ರೋಲುಗಳಿಂದ ಹೊರಬಿದ್ದ ೧೦೦ ಕಾಳುಗಳಲ್ಲಿ ಒಡೆದುವೆಷ್ಟು, ಪಾಲಿಷಾದ ಮೇಲೆ ತೆಗೆದ ೧೦೦ ರಲ್ಲಿ ಒಡೆದುವೆಷ್ಟು ಎಂದು ನೋಡಬೇಕು. ಚೀಲದಲ್ಲಿಯೇ ಸೀಳು ಹೆಚ್ಚಾಗಿದ್ದರೆ ದೋಷವು ಒಣಗಿಸುವ ಕಣದಲ್ಲಿದೆ. ಚೀಲದಲ್ಲಿ ಕಡಮೆಯಿದ್ದು ರೋಲಿನ ಬಳಿ ಹೆಚ್ಚಿದರೆ ರೋಲುಗಳು ಸವೆದಿವೆ, ಇಲ್ಲವೇ ಅವುಗಳ ನಡುವಣ ಅಂತರವು ಸರಿಯಿಲ್ಲ. ಪಾಲಿಷಿನಲ್ಲಿ ಹೆಚ್ಚಿದರೆ ಅಲ್ಲಿಯ ಒತ್ತಡವು ಮಿತಿಮೀರಿದೆ. ಮೂರು ಸ್ಥಳಗಳ ಔಷಧವೂ ಬೇರೆ ಬೇರೆ. ಮೊದಲನೆಯದಕ್ಕೆ ಬೇಕಾದುದು ಭತ್ತದ ತೇವಾಂಶವನ್ನು ನೂರಕ್ಕೆ ೧೪ ರ ಸುಮಾರಿಗೆ ನಿಧಾನವಾಗಿ ಇಳಿಸುವ ಒಣಗಿಸುವಿಕೆಯೇ ಹೊರತು ಹೊಸ ಪಾಲಿಷ್ ಯಂತ್ರವಲ್ಲ. ಈ ಒಂದು ಎಣಿಕೆಯ ಫಲವನ್ನು ಇಂಜಿನಿಯರ ಕೈಗೆ ಕೊಟ್ಟರೆ ಅವರ ಕೆಲಸವು ಅರ್ಧ ಹಗುರವಾಗುವುದು.

ಯಾವ ಯಾವ ತಳಿಗಳು ಗಿರಣಿಗೆ ಬರುತ್ತವೆಂಬುದನ್ನೂ ತಿಂಗಳುವಾರು ಬರೆದಿಡಬೇಕು. ಸಣ್ಣಕಾಳಿನ ಸೋನಾ ಮಸೂರಿಗೆ ಹೊಂದಿಸಿದ ಜಾಲರಿಯು ದಪ್ಪಕಾಳಿನ ಜಯಾ ತಳಿಗೆ ಹೊಂದದು. ಕೆಂಬಣ್ಣದ ರಾಜಮುಡಿಯನ್ನು ಬಿಳಿಯ ಅಕ್ಕಿಗೆ ಹೊಂದಿಸಿದ ಬಣ್ಣದ ಯಂತ್ರಕ್ಕೆ ಹಾಕಿದರೆ ಒಳ್ಳೆಯ ಕಾಳೂ ಕೆಟ್ಟದ್ದೆಂದು ಹೊರಬೀಳುವುದು. ಪರಿಶೀಲನೆಯ ದಿವಸ ಒಂದೇ ತಳಿ ನಡೆಯುತ್ತಿದ್ದರೆ ಇಂಜಿನಿಯರು ಇದನ್ನು ಊಹಿಸುವುದು ಹೇಗೆ?

೩. ನಿಲುಗಡೆಯ ದಿನಚರಿ

ಗಿರಣಿಯ ಗುಮಾಸ್ತನು ಒಂದು ಪುಸ್ತಕವನ್ನಿಟ್ಟು, ಕಡಮೆಪಕ್ಷ ೩೦ ಕೆಲಸದ ದಿವಸಗಳವರೆಗೆ, ಯಂತ್ರವು ನಿಂತ ಪ್ರತಿ ಸಲವೂ ನಾಲ್ಕು ಅಂಶಗಳನ್ನು ಬರೆಯತಕ್ಕದ್ದು: ನಿಂತ ಹೊತ್ತು, ಮತ್ತೆ ಹೊರಟ ಹೊತ್ತು, ನಿಂತ ಯಂತ್ರ, ಕಾರಣ. ಸುಗ್ಗಿಯ ತಿಂಗಳಿನಲ್ಲಿ ಬರೆದ ದಿನಚರಿಯು ಇನ್ನೂ ಉತ್ತಮ.

ಉದಾಹರಣೆಗಾಗಿ, ಗಂಟೆಗೆ ೨ ಟನ್ ಭತ್ತವನ್ನು ಸುಲಿಯುವ ಯಂತ್ರವೊಂದಿದೆಯೆಂದೂ, ಅದರ ಮುಂದೆ ಸುಲಿಯದೆ ಉಳಿದ ಭತ್ತವನ್ನು ಅಕ್ಕಿಯಿಂದ ಬೇರ್ಪಡಿಸುವ ಯಂತ್ರಕ್ಕೆ ಗಂಟೆಗೆ ಒಂದೂವರೆ ಟನ್ ಭತ್ತದ ಪಾಲನ್ನು ಮಾತ್ರ ತಾಳುವ ಶಕ್ತಿಯಿದೆಯೆಂದೂ ಭಾವಿಸೋಣ. ಆಗ ಮೊದಲನೆಯ ಯಂತ್ರವನ್ನು ಎಷ್ಟು ಸುಧಾರಿಸಿದರೂ ಗಿರಣಿಯ ಹುಟ್ಟುವಳಿ ಒಂದೂವರೆ ಟನ್ನನ್ನು ಮೀರದು. ಕಾಲುವೆಯಲ್ಲಿ ಹರಿಯುವ ನೀರು ಅದರ ಅತ್ಯಂತ ಇಕ್ಕಟ್ಟಾದ ತೂಬಿನ ಅಳತೆಯನ್ನು ಮೀರುವುದುಂಟೆ? ಆ ಇಕ್ಕಟ್ಟಾದ ತೂಬು ಯಾವುದೆಂಬುದನ್ನು ದಿನಚರಿಯು ತೋರಿಸುತ್ತದೆ.

ಎಲಿವೇಟರುಗಳು ಭತ್ತದಿಂದ ಕಟ್ಟಿಕೊಂಡು ನಿಲ್ಲುವುದು ಪದೇಪದೇ ಕಂಡುಬಂದರೆ ಅದನ್ನು ವಿಶೇಷವಾಗಿ ಗುರುತಿಸಬೇಕು. ಸ್ವಯಂಚಾಲಿತ ವ್ಯವಸ್ಥೆಯು ನಿಜವಾಗಿಯೂ ಉಪಕಾರಿಯಾಗುವುದು ಇಂತಹ ಕಡೆಯಲ್ಲಿಯೇ. ಅದು ಯಂತ್ರಗಳನ್ನು ಕೊನೆಯದರಿಂದ ಹಿಂದಕ್ಕೆ ಒಂದೊಂದಾಗಿ ಹೊರಡಿಸುತ್ತದೆ. ನಿಲ್ಲಿಸುವಾಗ ಮೊದಲನೆಯದರಿಂದ ಮುಂದಕ್ಕೆ ನಿಲ್ಲಿಸುತ್ತದೆ. ನಡುವೆ ಒಂದು ನಿಂತರೆ ಅದಕ್ಕೆ ಧಾನ್ಯವನ್ನು ತರುವ ಹಿಂದಿನವುಗಳೆಲ್ಲವನ್ನೂ ಕ್ಷಣದಲ್ಲಿ ತಡೆಯುತ್ತದೆ.

೪. ವಿದ್ಯುತ್ತು, ಕಟ್ಟಡ ಮತ್ತು ಕಾಗದಪತ್ರಗಳು

ಸೂಕ್ಷ್ಮ ಯಂತ್ರಗಳಿಗೆ ಮುಖ್ಯ ಶತ್ರುಗಳು ಮೂರು: ಏರಿಳಿಯುವ ವೋಲ್ಟೇಜು, ಧೂಳು ಮತ್ತು ತೇವ. ಮೂರು ಫೇಸಿನ ವಿದ್ಯುತ್ತಿನ ವೋಲ್ಟೇಜು ೪೧೫ ಇರಬೇಕಾದುದು. ಸುತ್ತಣ ಪಂಪುಸೆಟ್ಟುಗಳೆಲ್ಲವೂ ನಡೆಯುವ ಹೊತ್ತಿನಲ್ಲಿ ಅದು ಎಷ್ಟಕ್ಕೆ ಇಳಿಯುತ್ತದೆಂಬುದನ್ನು ಬಲ್ಲ ಎಲೆಕ್ಟ್ರಿಷಿಯನ್ನಿನಿಂದ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಳೆಯಿಸಿ ಒಂದು ವಾರ ಬರೆಯಿಸಬೇಕು. ಮಂಜೂರಾದ ವಿದ್ಯುತ್ ಭಾರವೆಷ್ಟು, ಈಗಿನ ಮೋಟಾರುಗಳ ಒಟ್ಟು ಅಶ್ವಶಕ್ತಿ ಎಷ್ಟು, ಹೊಸದಕ್ಕೆ ಎಡೆಯುಂಟೆ, ನೆಲತಂತಿ ಸರಿಯಾಗಿದೆಯೆ ಎಂಬುವನ್ನು ತಿಳಿದಿರಬೇಕು. ಬಣ್ಣದ ಯಂತ್ರಕ್ಕೆ ಎಣ್ಣೆಯೂ ನೀರೂ ಸೇರದ ಒಣಗಾಳಿಯು ಬೇಕಾದುದರಿಂದ ಕಂಪ್ರೆಸರಿಗೂ ಸ್ಥಳವನ್ನು ಯೋಚಿಸಬೇಕು.

ಇಂಜಿನಿಯರ ಮುಂದೆ ಇಡತಕ್ಕ ಕಾಗದಗಳು ಇವು: ಕಟ್ಟಡದ ಉದ್ದ, ಅಗಲ ಮತ್ತು ಸೂರಿನ ಎತ್ತರವನ್ನು ಕಾಣಿಸುವ ನಕ್ಷೆ, ಗುಂಡಿಗಳ ಆಳ ಮತ್ತು ಮಳೆಗಾಲದಲ್ಲಿ ಅವುಗಳಲ್ಲಿ ನಿಲ್ಲುವ ನೀರಿನ ಮಟ್ಟ, ಪ್ರತಿಯೊಂದು ಯಂತ್ರದ ಹಾಗೂ ಮೋಟಾರಿನ ಫಲಕದ ಮೇಲಿನ ವಿವರ ಮತ್ತು ಅದನ್ನು ರಿಪೇರಿ ಮಾಡಿಸಿದ ವರ್ಷ, ೧೨ ತಿಂಗಳ ವಿದ್ಯುತ್ ಬಿಲ್ಲುಗಳು, ಮೇಲೆ ಹೇಳಿದ ತೂಕದ ಲೆಕ್ಕ ಮತ್ತು ನಿಲುಗಡೆಯ ಪುಸ್ತಕ. ಹಳೆಯ ನಕ್ಷೆಯಿದ್ದು ಆಮೇಲೆ ಗೋಡೆಯನ್ನೋ ಯಂತ್ರವನ್ನೋ ಬದಲಾಯಿಸಿದ್ದರೆ ಆ ಬದಲಾವಣೆಯನ್ನು ಕೆಂಪು ಮಸಿಯಿಂದ ತಿದ್ದತಕ್ಕದ್ದು. ತಪ್ಪು ನಕ್ಷೆಯು ನಕ್ಷೆಯಿಲ್ಲದಿರುವುದಕ್ಕಿಂತಲೂ ಹಾನಿಕರ.

೫. ಕೆಲಸಗಾರರ ಮಾತು

ಮೇಲಿನ ಕಾಗದಗಳಲ್ಲಿ ಎಲ್ಲಿಯೂ ಬರೆಯಲ್ಪಡದ ಜ್ಞಾನವೊಂದು ಗಿರಣಿಯಲ್ಲಿದೆ. ಅನುಭವಶಾಲಿಯಾದ ಆಪರೇಟರು ರೋಲುಗಳ ಶಬ್ದದಿಂದಲೇ ಅವುಗಳ ಸವೆತವನ್ನು ತಿಳಿಯುವನು. ಹಿಡಿ ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ಪಾಲಿಷನ್ನು ಹೇಳುವನು. ಕಣದಲ್ಲಿ ಭತ್ತವನ್ನು ಹರಡುವ ಹೆಂಗಸರು ಕಾಳನ್ನು ಕಚ್ಚಿ ನೋಡಿಯೇ ಒಣಗಿತೋ ಇಲ್ಲವೋ ಎಂಬುದನ್ನು ಬಲ್ಲರು. ಹಮಾಲರಿಗೆ ಯಾವ ಮೂಲೆಯಲ್ಲಿ ಚೀಲವು ಮುಗ್ಗುವುದೆಂಬುದು ಗೊತ್ತು. ಇವರೆಲ್ಲರನ್ನೂ ಕೂರಿಸಿಕೊಂಡು ಕೇಳದೆ ಇಂಜಿನಿಯರನ್ನು ಕರೆತರುವುದು ವಿವೇಕವಲ್ಲ.

ಆದರೆ ಯಂತ್ರ ಬಂದರೆ ತನ್ನ ಅನ್ನ ಹೋಗುವುದೆಂದು ಭಯಪಡುವವನು ಬಾಯಿ ಬಿಡುವನೆ? ಈ ಭಯವು ನಿರಾಧಾರವಾದುದೂ ಅಲ್ಲ. ಆದಕಾರಣ ಮಾಲೀಕರು ಯಾರ ಕೆಲಸವು ಉಳಿಯುವುದು, ಯಾರ ಕೆಲಸವು ಬದಲಾಗುವುದು, ಯಾರಿಗೆ ಹೊಸ ಕೆಲಸವನ್ನು ಕಲಿಸಲಾಗುವುದು, ಕೆಲಸವು ತಪ್ಪುವವರಿಗೆ ಏನು ಏರ್ಪಾಡು ಎಂಬುದನ್ನು ತಮ್ಮಲ್ಲಿ ಮೊದಲು ನಿಶ್ಚಯಿಸಿ, ಅವರಿಗೆ ಮುಚ್ಚುಮರೆಯಿಲ್ಲದೆ ತಿಳಿಸತಕ್ಕದ್ದು. ಆ ಕೆಲಸಗಾರರು ಬಹುಮಟ್ಟಿಗೆ ನಮ್ಮ ಊರಿನವರೇ. ಗ್ರಾಮದ ಮುಖಂಡರು ಈ ಮಾತುಕತೆಯಲ್ಲಿ ಮಧ್ಯಸ್ಥರಾಗಿ ನಿಂತರೆ ಮುಂದೆ ಮನಸ್ತಾಪಗಳಿಗೆ ಎಡೆಯಿರದು. ರಾತ್ರಿಯ ಹೊತ್ತು ನಿಯಂತ್ರಣದ ಪೆಟ್ಟಿಗೆಯು ಕೆಟ್ಟು ನಿಂತಾಗ ಅದನ್ನು ನೋಡಿಕೊಳ್ಳಬೇಕಾದವನೂ ಇವರಲ್ಲಿಯೇ ಒಬ್ಬನು. ಅವನನ್ನು ಈಗಲೇ ಆರಿಸಿ, ಪರಿಶೀಲನೆಯ ಕಾಲದಲ್ಲಿ ಇಂಜಿನಿಯರ ಜೊತೆಯಲ್ಲಿಯೇ ಇರಿಸುವುದು ಉತ್ತಮ.

೬. ಒಂದು ಹಾಳೆಯ ನಿರ್ಣಯ

ಇಷ್ಟಾದ ಮೇಲೆ ಪಾಲುದಾರರೆಲ್ಲರೂ ಸೇರಿ, ಸಂಘವಾದರೆ ಆಡಳಿತ ಮಂಡಲಿಯು ಸೇರಿ, ಒಂದೇ ಹಾಳೆಯಲ್ಲಿ ಈ ಅಂಶಗಳನ್ನು ಬರೆದು ರುಜುಮಾಡಬೇಕು: ನಿವಾರಿಸಬೇಕಾದ ದೋಷ ಯಾವುದು, ಅದು ಎಷ್ಟರಮಟ್ಟಿಗೆ ಕಡಮೆಯಾದರೆ ತೃಪ್ತಿ, ಅವಶ್ಯವಾದುದು ಯಾವುದು, ಹಣ ಉಳಿದರೆ ಮಾಡಿಸಬಹುದಾದುದು ಯಾವುದು, ಮೀರಬಾರದ ವೆಚ್ಚವೆಷ್ಟು, ಯಾವ ತಿಂಗಳಿನಲ್ಲಿ, ಎಷ್ಟು ದಿವಸ ಗಿರಣಿಯನ್ನು ನಿಲ್ಲಿಸಬಹುದು, ಇಂಜಿನಿಯರಿಗೆ ಉತ್ತರ ಹೇಳುವ ಅಧಿಕಾರ ಯಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ವೆಚ್ಚದ ಅಂಶವನ್ನು ಬರೆಯುವಾಗ ಮರೆಯಬಾರದು. ಈ ಹಾಳೆಯಿಲ್ಲದಿದ್ದರೆ ಪಾಲುದಾರರು ಒಬ್ಬೊಬ್ಬರೂ ಒಂದೊಂದನ್ನು ಹೇಳುವರು. ಬಂದವರು ಎಲ್ಲವನ್ನೂ ಸೇರಿಸಿ ಅಂದಾಜು ಪಟ್ಟಿಯನ್ನು ಬೆಳೆಸುವರು. ಅದರಲ್ಲಿ ಅವರ ತಪ್ಪೇನೂ ಇಲ್ಲ.

೭. ಪರಿಶೀಲನೆಯ ದಿವಸ

ಗಿರಣಿಯು ಪೂರ್ಣಭಾರದಿಂದ ನಡೆಯುವ ದಿವಸವನ್ನೇ ಗೊತ್ತುಮಾಡಬೇಕು. ಅದೇ ದಿವಸ ಸ್ವಲ್ಪ ಹೊತ್ತು ನಿಲ್ಲಿಸಿ ಒಳಭಾಗವನ್ನು ತೋರಿಸಲು ಅನುಕೂಲವಿರಬೇಕು. ಒಳಗೆ ನೋಡುವಾಗ ಮುಖ್ಯ ಸ್ವಿಚ್ಚನ್ನು ತೆಗೆದು ಬೀಗಹಾಕಿ, ಬೀಗದ ಕೈಯನ್ನು ಒಬ್ಬನೇ ಇಟ್ಟುಕೊಂಡಿರತಕ್ಕದ್ದು. ಬೆಲ್ಟುಗಳಿಗೆ ಮರೆಯನ್ನು ಕಟ್ಟಿಸಿ, ಹೊಟ್ಟಿನ ಧೂಳನ್ನು ಗುಡಿಸಿ, ಓಡಾಡುವ ದಾರಿಯನ್ನು ತೆರವುಮಾಡಿಸಬೇಕು. ಆದರೆ ದೋಷಗಳನ್ನು ಮಾತ್ರ ಮುಚ್ಚಬಾರದು. ಸೋರುವ ಸೂರಿಗೆ ಆ ದಿನದ ಮಟ್ಟಿಗೆ ಹೊದಿಕೆ ಹಾಕುವುದು, ಕೆಟ್ಟ ಭತ್ತವನ್ನು ಬಚ್ಚಿಟ್ಟು ಒಳ್ಳೆಯ ಭತ್ತವನ್ನು ಹಾಯಿಸುವುದು, ಇವು ವೈದ್ಯನ ಮುಂದೆ ನೋವನ್ನು ಮರೆಮಾಚಿದಂತೆ.

ಇಂಜಿನಿಯರು ಹೊರಡುವುದಕ್ಕೆ ಮುಂಚೆ ಅವರು ಗುರುತುಹಾಕಿಕೊಂಡ ಅಂಶಗಳನ್ನು ಓದಿಸಿ ಕೇಳಿ, ತಪ್ಪಿದ್ದರೆ ತಿದ್ದಿಸಬೇಕು. ತಳಪಾಯದ ಕೆಲಸ, ತಂತಿಗಳು, ಸಾಗಣೆ, ಬಿಡಿಭಾಗಗಳು, ಕೆಲಸಗಾರರ ಶಿಕ್ಷಣ ಇವುಗಳಲ್ಲಿ ಯಾವುದು ಅವರ ದರಪಟ್ಟಿಗೆ ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನು ಬರಹದಲ್ಲಿ ಕೇಳಬೇಕು. ಯಂತ್ರಗಳನ್ನು ನಡೆಯಿಸುವ ಪ್ರೋಗ್ರಾಮಿನ ಪ್ರತಿಯೂ ಅದರ ಗುಪ್ತಪದವೂ ಮಾಲೀಕರಿಗೆ ಸಲ್ಲತಕ್ಕದ್ದೆಂಬ ಷರತ್ತನ್ನು ಮೊದಲೇ ಹಾಕದಿದ್ದರೆ, ಮುಂದೆ ಸಣ್ಣದೊಂದು ಬದಲಾವಣೆಗೂ ಅವರನ್ನೇ ಕಾದುಕೊಂಡಿರಬೇಕಾಗುವುದು.

ಈ ಸಿದ್ಧತೆಗೆ ಬೇಕಾದುದು ಒಂದು ತಕ್ಕಡಿ, ಒಂದು ಪುಸ್ತಕ, ಸುಮಾರು ಒಂದು ತಿಂಗಳ ಶ್ರದ್ಧೆ. ಇದರ ಫಲವಾಗಿ ಕೆಲವರು ತಮಗೆ ಬೇಕಾದುದು ದೊಡ್ಡ ಯಂತ್ರವಲ್ಲ, ಒಣಗಿಸುವ ಏರ್ಪಾಡು ಮಾತ್ರವೆಂದು ಕಂಡುಕೊಳ್ಳಬಹುದು, ಅದೂ ಲಾಭವೇ. ಬಾಯಾರಿದಾಗ ಬಾವಿ ತೋಡುವವರಂತೆ ಸುಗ್ಗಿಯ ನಡುವೆ ಅವಸರಪಡದೆ, ಮುಂದಿನ ಬಿಡುವಿನ ಕಾಲದಲ್ಲಿ ಯಂತ್ರಗಳನ್ನು ಕೂರಿಸಬೇಕೆಂದಿರುವ ಮಾಲೀಕರೂ ಸಂಘಗಳೂ ಈ ಸುಗ್ಗಿಯಲ್ಲಿಯೇ ತೂಕದ ಲೆಕ್ಕವನ್ನೂ ನಿಲುಗಡೆಯ ಪುಸ್ತಕವನ್ನೂ ಆರಂಭಿಸುವುದು ಶ್ರೇಯಸ್ಕರವು.