ನಿಮಗಿದು ಗೊತ್ತೆ? ಎರಡು ದಾರ, ಒಂದು ಸ್ಕೇಲು

ರೇಸ್ ಕಾರಿನ ವೀಲ್ ಅಲೈನ್‌ಮೆಂಟ್ ನೋಡಲು ಲೇಸರ್ ಯಂತ್ರವೇ ಬೇಕೆಂದಿಲ್ಲ. ಟ್ರ್ಯಾಕ್ ಬದಿಯಲ್ಲಿ ಮೆಕ್ಯಾನಿಕ್‌ಗಳು ಇಂದಿಗೂ ಕಾರಿನ ಎರಡೂ ಪಕ್ಕ, ಚಕ್ರದ ನಡುಮಟ್ಟಕ್ಕೆ, ದಾರ ಬಿಗಿಯುತ್ತಾರೆ. ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳೆದಾಗ ಸಿಗುವ ವ್ಯತ್ಯಾಸವೇ ‘ಟೋ’. 17 ಇಂಚಿನ ರಿಮ್ಮಿನಲ್ಲಿ 1 ಮಿ.ಮೀ. ವ್ಯತ್ಯಾಸವೆಂದರೆ ಸುಮಾರು ಡಿಗ್ರಿಯ ಎಂಟನೇ ಒಂದು ಪಾಲು. ಬರಿಗಣ್ಣಿಗೆ ಅದೆಲ್ಲಿ ಕಂಡೀತು!

ದಾರವನ್ನು ಟೈರಿಗೆ ತಾಗಿಸಿ ಕಟ್ಟಿದರೆ ಮಾತ್ರ ಲೆಕ್ಕ ಕೆಟ್ಟಂತೆ. ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಮುಂದಿನ ಜೋಡಿ ಚಕ್ರಗಳ ಅಂತರವೇ ಬೇರೆ, ಹಿಂದಿನದೇ ಬೇರೆ. ಹಾಗಾಗಿ ಒಂದೇ ಆಕ್ಸಲ್‌ನ ಎಡ, ಬಲ ಹಬ್‌ಗಳಿಂದ ದಾರ ಸಮದೂರದಲ್ಲಿರಬೇಕು. ನೆಲ ಸಮತಟ್ಟಾಗಿರಬೇಕು. ಚಾಲಕನ ತೂಕಕ್ಕೂ ಸಸ್ಪೆನ್ಷನ್ ಕುಗ್ಗುವುದರಿಂದ, ಅಳೆಯುವಾಗ ಸೀಟಿನ ಮೇಲೆ ಅಷ್ಟೇ ತೂಕದ ಮರಳುಚೀಲ ಇಡುವವರೂ ಇದ್ದಾರೆ.