ಕಲ್ಲಿನ ಕೊಟ್ಟಿಗೆಗೆ ಹೊಸ ಕೆಲಸ

ಸ್ಕಾಟ್ಲೆಂಡಿನ ನೈರುತ್ಯ ಕರಾವಳಿಯ ಕಲೇನ್ ಕೋಟೆ ನೋಡಲು ಹೋದವರು ಚಹಾ ಕುಡಿಯುವುದು ಹಳೆಯ ದನದ ಕೊಟ್ಟಿಗೆಗಳ ನಡುವೆ. 'ಹೋಮ್ ಫಾರ್ಮ್' ಎಂದು ಅದರ ಹೆಸರು. 1770ರ ದಶಕದಲ್ಲಿ ಅದರ ನಕ್ಷೆ ಬರೆದವನು ಕೋಟೆಗೆ ಇಂದಿನ ರೂಪ ಕೊಟ್ಟ ರಾಬರ್ಟ್ ಆ್ಯಡಮ್ಮನೇ. ದನ, ಹುಲ್ಲು, ಗೊಬ್ಬರಕ್ಕೆ ಅಷ್ಟು ದೊಡ್ಡ ವಾಸ್ತುಶಿಲ್ಪಿ ಬೇಕಿತ್ತೇ? ಆಗಿನ ಜಮೀನ್ದಾರರಿಗೆ ಬೇಕಿತ್ತು. ಬೇಸಾಯದ ಸುಧಾರಣೆಯ ಹುಚ್ಚು ಹಿಡಿದಿದ್ದ ಕಾಲ ಅದು; ಬಂದ ಅತಿಥಿಗಳಿಗೆ ದಿವಾನಖಾನೆಯಂತೆ ಕೊಟ್ಟಿಗೆಯನ್ನೂ ತೋರಿಸುತ್ತಿದ್ದರು.

ಇಂಥ ಕಟ್ಟಡಗಳಿಗೆ ಅಲ್ಲಿ 'ಸ್ಟೆಡಿಂಗ್' ಎನ್ನುತ್ತಾರೆ. ನಮ್ಮ ತೊಟ್ಟಿ ಮನೆಯಂತೆ ನಡುವೆ ಅಂಗಳ, ಸುತ್ತ ಕಟ್ಟಡ. ಚಳಿಗಾಲದಲ್ಲಿ ದನಗಳು ಅಂಗಳದ ಹುಲ್ಲನ್ನು ತುಳಿದು ಗೊಬ್ಬರ ಮಾಡುತ್ತಿದ್ದವು. ಸಾಲು ಕಮಾನುಗಳ ಒಳಗೆ ಗಾಡಿ ನಿಲ್ಲಿಸುವ ಜಾಗ, ಅದರ ಮೇಲೆಯೇ ಕಣಜ. ಕೆಳಗೆ ಗಾಳಿ ಆಡುವುದರಿಂದ ಕಾಳಿಗೆ ನೆಲದ ತೇವ ಹತ್ತುತ್ತಿರಲಿಲ್ಲ, ಇಲಿಗಳಿಗೂ ಹತ್ತುವುದು ಕಷ್ಟ. ಎಷ್ಟೋ ಕಡೆ ಹೆಬ್ಬಾಗಿಲ ಮೇಲೆ ಪಾರಿವಾಳದ ಗೂಡುಗಳೂ ಉಂಟು. ಸಾಕಿದ್ದು ತಿನ್ನಲಿಕ್ಕೆ, ಚೆಂದಕ್ಕಲ್ಲ. 1786ರಲ್ಲಿ ಆ್ಯಂಡ್ರೂ ಮೀಕಲ್ ಒಕ್ಕಣೆ ಯಂತ್ರ ರೂಪಿಸಿದ ಮೇಲೆ ಕಣದ ಗೋಡೆಗೆ ಆತುಕೊಂಡು ದುಂಡನೆಯ ಕೋಣೆಗಳು ಎದ್ದವು. ಅವುಗಳೊಳಗೆ ಕುದುರೆಗಳು ಸುತ್ತುತ್ತ ಯಂತ್ರ ತಿರುಗಿಸುತ್ತಿದ್ದವು.

ಎರಡನೆಯ ಮಹಾಯುದ್ಧದ ನಂತರ ಕಂಬೈನ್ ಯಂತ್ರ ಒಕ್ಕಣೆಯನ್ನು ಹೊಲಕ್ಕೇ ಒಯ್ದಿತು. ದೊಡ್ಡ ಟ್ರ್ಯಾಕ್ಟರುಗಳು ಕಮಾನಿನೊಳಗೆ ಹಿಡಿಸಲಿಲ್ಲ. ಪಕ್ಕದಲ್ಲೇ ತಗಡಿನ ಶೆಡ್ ಎದ್ದಿತು, ಕಲ್ಲಿನ ಕಟ್ಟಡ ಸೋರತೊಡಗಿತು.

ಕಲೇನ್ 1945ರಲ್ಲಿ ಪಾರಂಪರಿಕ ತಾಣಗಳನ್ನು ಕಾಯುವ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಕೈ ಸೇರಿತು. (ಕೋಟೆಯ ಮೇಲಂತಸ್ತನ್ನು ಆಗ ಜನರಲ್ ಐಸೆನ್‌ಹೋವರ್‌ಗೆ ಜೀವಮಾನವಿಡೀ ಬಳಸಲು ಬಿಟ್ಟುಕೊಟ್ಟರು, ಕೊಟ್ಟಿಗೆಯ ಪಾಲಿಗೆ ಅಂಥ ಅದೃಷ್ಟ ಬರಲು ತಡವಾಯಿತು.) 1969ರಲ್ಲಿ ಎಸ್ಟೇಟು ಸ್ಕಾಟ್ಲೆಂಡಿನ ಮೊದಲ 'ಕಂಟ್ರಿ ಪಾರ್ಕ್' (ಜನರ ವಿಹಾರಕ್ಕೆ ತೆರೆದ ಹಳ್ಳಿಗಾಡಿನ ಉದ್ಯಾನ) ಆಯಿತು. ಆಮೇಲೆ ಹೋಮ್ ಫಾರ್ಮನ್ನು ದುರಸ್ತಿ ಮಾಡಿ ಪ್ರವಾಸಿಗರ ಕೇಂದ್ರವಾಗಿಸಿದರು.

ಆದರೆ ಹಳ್ಳಿಗಾಡಿನ ಎಷ್ಟೋ ಸ್ಟೆಡಿಂಗುಗಳು ಈಗ ಮನೆಗಳಾಗುತ್ತಿವೆ. ಕಟ್ಟಡ ಬೀಳುವುದಕ್ಕಿಂತ ಅದು ವಾಸಿ, ನಿಜ. ಆದರೂ ಸೂರಿನವರೆಗೆ ತೆರೆದಿದ್ದ ಕಣವನ್ನು ಅಡ್ಡಗೋಡೆ ಹಾಕಿ ಮೂರು ಮಲಗುವ ಕೋಣೆ ಮಾಡಿದರೆ ಉಳಿಯುವುದು ಹೊರಗಿನ ಕಲ್ಲು ಮಾತ್ರ. ಗಾಡಿ ಕಮಾನುಗಳಿಗೆ ಕಲ್ಲು ತುಂಬಿ ಪುಟ್ಟ ಕಿಟಕಿ ಇಡುವುದಂತೂ ಕಣ್ಣಿಗೆ ಹಿಂಸೆ. ಇಡೀ ಕಮಾನಿಗೆ ಗಾಜು ಕೂರಿಸಿದರೆ ಆಕಾರ ಹಾಗೇ ಉಳಿಯುತ್ತದೆ. ಇನ್ನೊಂದು ತಪ್ಪು ಸಿಮೆಂಟು. ಹಳೆಯ ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ತಡೆದು ನಿಲ್ಲಿಸುತ್ತದೆ. ಮೆದು ಮರಳುಗಲ್ಲು ಅಲ್ಲಿಂದಲೇ ಉದುರುತ್ತದೆ. ಸೂರಿನಲ್ಲಿ ಬಾವಲಿಗಳಿದ್ದರೆ ಕಾನೂನಿನ ಪ್ರಕಾರ ಅವನ್ನು ಎಬ್ಬಿಸುವಂತಿಲ್ಲ. ಕೆಲಸದ ವೇಳಾಪಟ್ಟಿಯನ್ನೇ ಅವಕ್ಕೆ ಹೊಂದಿಸಬೇಕು.

ಅಂಗಳ ಹಂಚದೆ, ಬಾಗಿಲು ಮುಚ್ಚದೆ ನಾಲ್ಕು ಜನ ಬಂದು ಹೋಗುವಂತೆ ಮಾಡಿದ ಕಲೇನ್‌ನ ದಾರಿಯೇ ನನಗೆ ಒಪ್ಪಿಗೆ. ಗ್ಲಾಸ್ಗೋದಿಂದ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್. ಆ ಕಡೆ ಹೋದವರು ಕೋಟೆಗೆ ಓಡುವ ಮುನ್ನ ಈ ಅಂಗಳದಲ್ಲಿ ಒಂದು ಸುತ್ತು ಹಾಕಿ.