ಮುಚ್ಚಿಟ್ಟ ಮಾತಿನ ಬೆಲೆ

ಕಳೆದ ಶ್ರಾವಣಮಾಸದಲ್ಲಿ ಬನಹಟ್ಟಿಯ ನೇಕಾರರೊಬ್ಬರ ಮನೆಯಲ್ಲಿ, ಮಗ್ಗದ ಸಪ್ಪಳವು ನಿಂತ ಮೇಲೆ, ಒಂದು ಐತಿಹಾಸಿಕ ಕಾದಂಬರಿಯನ್ನು ದಿನಕ್ಕೊಂದು ಪ್ರಕರಣದಂತೆ ಓದಿ ಹೇಳುವ ಪ್ರಸಂಗವು ನನಗೆ ಒದಗಿತು. ವಾಚಕರು ಗ್ರಂಥದ ಹೆಸರನ್ನು ಕೇಳಬಾರದು. ಗ್ರಂಥಕರ್ತರನ್ನು ನೋಯಿಸುವುದು ನನ್ನ ಉದ್ದೇಶವಲ್ಲ.

ಕಥಾವಸ್ತು ಇಷ್ಟೆ. ವಿಜಾಪುರದ ಆದಿಲಶಾಹಿಯ ಕಾಲ, ಕೃಷ್ಣಾತೀರದ ಒಬ್ಬ ದೇಸಾಯಿ, ಆತನ ನವವಧು. ಬಾದಶಹನ ಕೋಪಕ್ಕೆ ಗುರಿಯಾದ ತನ್ನ ಅಣ್ಣನನ್ನು ಅವಳು ಗುಟ್ಟಾಗಿ ಅಡಗಿಸಿಡುವಳು. ಅವನನ್ನೇ ಹಿಡಿದೊಪ್ಪಿಸಬೇಕೆಂಬ ಆಜ್ಞೆಯನ್ನು ಗಂಡನು ಅವಳಿಂದ ಮುಚ್ಚಿಡುವನು. ಮೊದಲೆರಡು ದಿನ ಎಲ್ಲರೂ ಕಣ್ಣರಳಿಸಿ ಕೇಳಿದರು. ಆದರೆ ಮುಂದಿನ ಇಪ್ಪತ್ತು ಪ್ರಕರಣಗಳಲ್ಲಿ ಸಂಶಯ, ಕಣ್ಣೀರು, ನಿಟ್ಟುಸಿರುಗಳ ಹೊರತು ಬೇರೇನೂ ನಡೆಯಲಿಲ್ಲ. ಕಡೆಯಲ್ಲಿ ಒಂದು ಪತ್ರವು ಕೈಗೆ ಸಿಕ್ಕಿ, ದಂಪತಿಗಳು ಅರ್ಧ ಪುಟದಲ್ಲಿ ಪರಸ್ಪರ ಕ್ಷಮಿಸಿ ಸುಖಿಗಳಾದರು. ಮನೆಯ ಯಜಮಾನಿಯು ಕಂಡಿಕೆ ಸುತ್ತುವ ಕೈಯನ್ನು ನಿಲ್ಲಿಸಿ, "ಅಲ್ರೀ ಮಾಸ್ತರ, ಆಕಿ ಗಂಡಗ ಒಂದ ಮಾತ ಹೇಳಿದ್ರ ಕಥಿ ಅಲ್ಲೇ ಮುಗೀತಿತ್ತಲ್ರೀ?" ಎಂದಳು.

ಪಂಡಿತರ ವಿಮರ್ಶೆಯಾದರೂ ಇದಕ್ಕಿಂತ ಹೆಚ್ಚೇನು ಹೇಳೀತು? ಗುಟ್ಟಿಗೆ ಕಾರಣವೂ ಬೇಕು, ಬೆಲೆಯೂ ಬೇಕು. ತಿರುವನಂತಪುರದ ಗಣಪತಿಶಾಸ್ತ್ರಿಗಳು 1912ರಲ್ಲಿ ಪ್ರಕಟಿಸಿದ 'ಸ್ವಪ್ನವಾಸವದತ್ತ' ನಾಟಕವನ್ನು ನೋಡಿರಿ. ತಾನು ಬೆಂಕಿಯಲ್ಲಿ ಮಡಿದೆನೆಂದು ಗಂಡನು ನಂಬುವಂತೆ ವಾಸವದತ್ತೆಯು ಮರೆಯಾಗುವಳು. ಕಳೆದುಹೋದ ರಾಜ್ಯವು ಮರಳಬೇಕಾದರೆ ಉದಯನನು ಮಗಧದ ಪದ್ಮಾವತಿಯನ್ನು ವರಿಸಲೇಬೇಕು. ಇದು ಕಾರಣ. ಆ ಮದುವೆಯ ಮಾಲೆಯನ್ನು ತನ್ನ ಕೈಯಿಂದಲೇ ಕಟ್ಟಬೇಕಾದುದು ಬೆಲೆ.

ನಮ್ಮ ಕನ್ನಡದ ಜನ್ನಕವಿಯು 1209ರ 'ಯಶೋಧರಚರಿತೆ'ಯಲ್ಲಿ ಇನ್ನೂ ಕಠಿನವಾದ ಬೆಲೆಯನ್ನು ಕಟ್ಟಿರುವನು. ರಾಣಿಯ ವಂಚನೆಯನ್ನು ಕಣ್ಣಾರೆ ಕಂಡ ಅರಸನು ಅದನ್ನು ಮರೆಮಾಚಲು ತಾಯಿಗೆ ಸುಳ್ಳುಕನಸೊಂದನ್ನು ಹೇಳುವನು. ಆ ಒಂದು ಸುಳ್ಳಿನಿಂದ ಹಿಟ್ಟಿನ ಕೋಳಿಯ ಬಲಿ, ತರುವಾಯ ವಿಷಪ್ರಯೋಗ, ಮತ್ತೆ ತಾಯಿಮಕ್ಕಳಿಗೆ ಜನ್ಮಜನ್ಮಾಂತರದ ಬಳಲಿಕೆ.

ಇತಿಹಾಸದಲ್ಲಿಯೂ ಸಾಮಗ್ರಿಗೆ ಕೊರತೆಯಿರಲಿಲ್ಲ. 1648ರಲ್ಲಿ ಜಿಂಜಿಯ ಶಿಬಿರದಲ್ಲಿ ವಿಜಾಪುರದವರು ಶಹಾಜಿಯನ್ನು ಸೆರೆಹಿಡಿದಾಗ ಆ ಕಾರ್ಯಕ್ಕೆ ಕೈಗೂಡಿಸಿದವನು ನಮ್ಮ ಮುಧೋಳದ ಬಾಜಿ ಘೋರ್ಪಡೆಯೇ. ಇಂಥ ಆಜ್ಞೆಯನ್ನು ಹೊತ್ತು ಬಂದ ಸರದಾರನು ಮನೆಯಲ್ಲಿ ಏನು ಹೇಳಿದ್ದಾನು, ಏನನ್ನು ನುಂಗಿದ್ದಾನು? ನಮ್ಮ ಗ್ರಂಥಕರ್ತರು ಅತ್ತ ನೋಡದೆ, ದೇಸಾಯಿಗೆ ಮುಂಡಾಸು ಸುತ್ತಿದರೆ ಇತಿಹಾಸವಾಯಿತೆಂದು ಬಗೆದರು.

ಆದರೆ ನನಗೆ ಹೆಚ್ಚು ಬೇಸರವಾದುದು ಆ ಅರ್ಧ ಪುಟದ ಕ್ಷಮೆಯಿಂದ. ಮೂವತ್ತು ವರ್ಷಗಳ ಹಿಂದೆ ನಾನು ಸ್ನೇಹಿತನೊಬ್ಬನ ಸಾಲಕ್ಕೆ ಜಾಮೀನು ನಿಂತು, ಹೆಂಡತಿಗೆ ತಿಳಿಸದೆ ಇದ್ದೆನು. ಮೂರು ವರ್ಷಗಳ ತರುವಾಯ ಸಾಲ ಕೊಟ್ಟವರ ಆಳು ಬಾಗಿಲಿಗೆ ಬಂದಾಗ ಅವಳಿಗೆ ತಿಳಿಯಿತು. ಅವಳು ಜಗಳವಾಡಲಿಲ್ಲ, ಕೈಯ ಪಾಟ್ಲಿಗಳನ್ನು ಬಿಚ್ಚಿ ಕೊಟ್ಟಳು. ಆದರೆ ಅಂದಿನಿಂದ ನಾನು ಪರವೂರಿಗೆ ಹೊರಟಾಗಲೆಲ್ಲ, "ಇನ್ನೇನರ ಹೇಳೂದು ಉಳದೈತೇನ್ರಿ?" ಎಂದು ಮೆಲ್ಲನೆ ಕೇಳುವಳು. ಸಾಲವು ಎರಡು ವರ್ಷಗಳಲ್ಲಿ ತೀರಿತು. ಆ ಪ್ರಶ್ನೆಯು ನಿಲ್ಲಲು ಹತ್ತು ವರ್ಷ ಹಿಡಿಯಿತು. ಈಗ ಅವಳೂ ಇಲ್ಲ.

ಹಾಸಿನಲ್ಲಿ ಹರಿದ ಎಳೆಯನ್ನು ಗಂಟಿಕ್ಕಿ ನೇಯಬಹುದು, ಆದರೆ ಬೆರಳಾಡಿಸಿದರೆ ಗಂಟು ತಿಳಿಯುವುದೆಂದು ಆ ನೇಕಾರರು ಹೇಳಿದರು. ಆ ಗಂಟನ್ನು ಬಲ್ಲ ಕಾದಂಬರಿಕಾರರು ಯಾರಾದರೂ ಬರೆದರೆ, ಮುಂದಿನ ಶ್ರಾವಣದಲ್ಲಿ ಓದಿ ಹೇಳಲು ನಾನು ಸಿದ್ಧನು. ಕೇಳಲು ಆ ಯಜಮಾನಿಯೂ ಸಿದ್ಧಳಿರುವಳು.